ಅರ್ಧ ಸೆಕೆಂಡು ಅತ್ತೆಯದು

ಕಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಟ್.

ರಾತ್ರಿ ಹನ್ನೆರಡೂವರೆಗೆ ಯಾರೋ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅದೂ ಸೋದರತ್ತೆಯ ಮನೆಯ ನೆಲಮಾಳಿಗೆಯಲ್ಲಿ, ನಮ್ಮ ಕಚೇರಿಯ ಭೂಕಂಪಮಾಪಕ ಇರುವ ಕೋಣೆಯಲ್ಲಿ. ಬೆಕ್ಕು ನಡೆದರೂ ಗೀಟೆಳೆಯುವ ಯಂತ್ರ ಅದು. ಯಾರೂ ಒಳಗೆ ಕಾಲಿಡಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿದವಳೇ ನಾನು.

ನಾನು ಬಂದದ್ದೂ ಆ ಯಂತ್ರವನ್ನು ಪರೀಕ್ಷಿಸಲೆಂದೇ. ಪೂರ್ವದ ಕಡಲಲ್ಲಿ ಭೂಮಿ ನಡುಗಿದರೆ ಆ ಕಂಪನದ ಅಲೆ ನಮ್ಮ ದ್ವೀಪದ ಅಡಿಯಲ್ಲಿ ಹಾದು ಪಶ್ಚಿಮದ ಈ ಮನೆ ತಲುಪಬೇಕು. ಯಂತ್ರವಿಟ್ಟ ಎರಡು ತಿಂಗಳಲ್ಲಿ ಬಂದ ಅಲೆಗಳೆಲ್ಲ ಲೆಕ್ಕಕ್ಕಿಂತ ಒಂದು ಸೆಕೆಂಡು ತಡ. ಮುಖ್ಯಸ್ಥರು ಕುಣಿದಾಡಿದ್ದರು: ಕೆಳಗೆ ಬಂಡೆ ಬಿರುಕುಬಿಟ್ಟು ಮೆತ್ತಗಾಗಿದೆ, ಅಲೆ ಅಲ್ಲಿ ಕುಂಟುತ್ತಿದೆ! ಸೋಮವಾರ ವರದಿ ಒಪ್ಪಿಸುವವಳು ನಾನು. ಅದು ಸುಳ್ಳಾದರೆ ಕೆಲಸ ಕಾಯಂ ಆಗುವ ಆಸೆಗೆ ಎಳ್ಳುನೀರು. ಯಂತ್ರ ಕಾಯಲು ಅತ್ತೆಯನ್ನು ಸೂಚಿಸಿದವಳೂ ನಾನೇ. ಆ ಅತ್ತೆ ಸಂಜೆಯಿಂದ "ಬೆಳಿಗ್ಗೆ ನೋಡಿದ್ರಾಯ್ತು" ಎನ್ನುತ್ತಲೇ ಇದ್ದರು.

ಬಾಗಿಲು ತಳ್ಳಿದೆ. ಮಂಚದ ಮೇಲೆ ಮಾವ, ಕೈಯಲ್ಲಿ ನೇಲ್ ಕಟರ್. ಯಂತ್ರದ ಸುಳಿವಿಲ್ಲ.

"ಬಾರಮ್ಮ," ಎಂದರು ಮಾವ. "ನಿಮ್ಮತ್ತೆ ನನ್ನನ್ನ ಗಡಿಪಾರು ಮಾಡಿದ್ದಾಳೆ."

"ಆ ಗೊರಕೆ ನೀನೊಂದು ರಾತ್ರಿ ಕೇಳು, ಆಮೇಲೆ ಮಾತಾಡು," ಮೆಟ್ಟಿಲ ಮೇಲಿಂದ ಅತ್ತೆಯ ದನಿ.

"ಯಂತ್ರ ಎಲ್ಲತ್ತೆ?"

"ಮಗಳ ಮನೇಲಿ. ಇವರ ಪಕ್ಕ ಇದ್ದಿದ್ರೆ ದಿನಾ ರಾತ್ರಿ ನಿಂಗೆ ಭೂಕಂಪವೇ ಕಣೇ! ಅದರ ಒಳ್ಳೇದಕ್ಕೇ ಮಾಡಿದ್ದು. ಹಸುಗೂಸಿನ ಹಾಗೆ ಎತ್ಕೊಂಡು ಹೋಗಿ, ಮಟ್ಟ ನೋಡಿ ಇಟ್ಟು ಬಂದೆ. ನೀನು ಅದನ್ನಿಟ್ಟು ಹೋದ ಮಾರನೇ ದಿನವೇ."

ಮಗಳ ಮನೆ ಇನ್ನೂ ಮೂರು ಕಿಲೋಮೀಟರ್ ಪಶ್ಚಿಮಕ್ಕೆ. ಯಂತ್ರ ಹೊತ್ತನ್ನು ತಾನೇ ಸರಿಯಾಗಿ ಹಿಡಿಯುತ್ತದೆ; ಅದಿರುವ ಜಾಗ ಈ ಮನೆಯೆಂದು ಲೆಕ್ಕಕ್ಕೆ ತುಂಬಿಸಿದ್ದು ನಾನು. ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆ. ಮೂರು ಕಿಲೋಮೀಟರ್ ದಾಟಲು ಅಲೆಗೆ ಅರ್ಧ ಸೆಕೆಂಡು ಬೇಕು. ಕಳೆದೆ. ಇನ್ನರ್ಧ ಉಳಿಯಿತು. ಮೂರು ಸಲ ತಿರುಗಾಮುರುಗಾ ಮಾಡಿದರೂ ಉಳಿಯಿತು. ಬಂಡೆ ಮೆತ್ತಗಿದ್ದದ್ದು ನಿಜ, ಮುಖ್ಯಸ್ಥರು ಕುಣಿದಷ್ಟು ಮಾತ್ರ ಅಲ್ಲ.

"ಕೆಲಸಕ್ಕೇನಾದ್ರೂ ಕುತ್ತು ಬಂತೇನೇ?" ಅತ್ತೆಯ ದನಿಯೂ ಮೆತ್ತಗಾಗಿತ್ತು.

"ಇಲ್ಲ. ಅದು ಅಲ್ಲೇ ಇರಲಿ. ಇನ್ನು ಅದರ ತಂಟೆಗೆ ಹೋಗಬೇಡಿ, ನಿಮ್ಮ ದಮ್ಮಯ್ಯ."

ವರದಿಯಲ್ಲಿ ಹೊಸ ಜಾಗ ಬರೆದೆ, ಯಂತ್ರ ಸಾಗಿಸಿದ ದಿನ ಬರೆದೆ, ತಡದ ಒಂದು ಸೆಕೆಂಡನ್ನು ಹೊಡೆದು ಅರ್ಧ ಮಾಡಿದೆ. ಸಾಗಿಸಿದ ಕಾರಣ: ಹಳೆಯ ಕೋಣೆಯಲ್ಲಿ ಕಂಪನ ಹೆಚ್ಚು. ಸುಳ್ಳಲ್ಲ. ಆಗಲೇ ಕೆಳಗೆ ಶುರುವಾಗಿತ್ತು. ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಆ ಕಂಪನ ಯಾರ ಮೂಗಿನದೆಂದು ಮಾತ್ರ ಮುಖ್ಯಸ್ಥರಿಗಷ್ಟೇ ಅಲ್ಲ, ಹುಟ್ಟಿಸಿದ ಅಪ್ಪನಿಗೂ ಹೇಳಬಾರದೆಂದು ತೀರ್ಮಾನಿಸಿದೆ.