ಹದಿಮೂರನೇ ಬುಗುರಿ

ಕೆಳಗೆ ಲೇತ್ ಯಂತ್ರಗಳು ಗುರ್ರೆನ್ನುತ್ತ ಬೊಂಬೆ ಕಡೆಯುತ್ತಿದ್ದರೆ, ಮೇಲಿನ ಕೋಣೆಯಲ್ಲಿ ವರಲಕ್ಷ್ಮಿ ಪರದೆಯ ಮೇಲಿನ ಒಂದು ಕೆಂಪು ಗೆರೆಯನ್ನೇ ನೋಡುತ್ತ ಕೂತಿದ್ದಳು.

ಚನ್ನಪಟ್ಟಣದ ತಾಹೇರಾ ಅವರ ಬೊಂಬೆ ಅಂಗಡಿ ಮಾರನೆಯ ದಿನ ಇಂಟರ್‌ನೆಟ್ಟಿನಲ್ಲಿ ತೆರೆಯಬೇಕಿತ್ತು. ಪುಟ ಕಟ್ಟಿದವನು ಕಲ್ಯದ ಬೈರೇಶ್, ಪರೀಕ್ಷಿಸುವವಳು ಅಲ್ಲೇ ತರಬೇತಿಯಲ್ಲಿದ್ದ ವರಲಕ್ಷ್ಮಿ. ಬ್ರೌಸರನ್ನು ತಾನೇ ತೆರೆದು, ಗಿರಾಕಿಯ ಹಾಗೆ ಒಂದೊಂದು ಸಲ ಒಂದೊಂದು ಲೆಕ್ಕದಲ್ಲಿ ಬೊಂಬೆ ಆರಿಸಿ, ಗುಂಡಿ ಒತ್ತಿ ನೋಡುವ ಒಂದು ಟೂಲ್ ಅವಳ ಬಳಿಯಿತ್ತು. ಅದಕ್ಕೆ ಅವಳು ತನ್ನದೇ ಒಂದು ತಪಾಸಣೆ ಬರೆದು ಸೇರಿಸಿದ್ದಳು: ಗಿರಾಕಿ ಕೇಳಿದಷ್ಟೇ ಬೊಂಬೆ ಪೆಟ್ಟಿಗೆಗೆ ಬಿತ್ತೇ? ಬೆಳಗಿನಿಂದ ಅದು ಒಮ್ಮೆ ಪಾಸು, ಒಮ್ಮೆ ಫೇಲೆಂಬ ಕೆಂಪು ಗೆರೆ.

“ಪುಟ ನೆಟ್ಟಗೈತೆ ಕಣಮ್ಮಿ, ನಿನ್ ತಪಾಸಣೆಗೇ ತಲೆ ಕೆಟ್ಟೈತೆ,” ಎಂದ ಬೈರೇಶ್. “ಸಂಜೆಗೆ ಸರಿ ಹೋಗ್ನಿಲ್ಲ ಅಂದ್ರೆ ಕಿತ್ತಾಕ್ಬುಡಾನ.”

ಕಿತ್ತರೆ, ತರಬೇತಿ ಮುಗಿಯುವ ಹೊತ್ತಿಗೆ ತೋರಿಸಲು ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೆಲಸ ಖಾಯಂ ಆಗುವ ಮಾತೂ ಅಲ್ಲಿಗೇ ಮುಗಿಯುತ್ತಿತ್ತು.

ಪುಟ ನಿಧಾನಕ್ಕೆ ತೆರೆಯುತ್ತಿರಬಹುದೆಂದು ತಪಾಸಣೆಯನ್ನು ಒಸಿ ಹೊತ್ತು ಕಾಯುವಂತೆ ಮಾಡಿದಳು. ಜಪ್ಪಯ್ಯ ಅನ್ನಲಿಲ್ಲ. ತಾನೇ ಒಂದು ಡಜನ್ ಬುಗುರಿ ಆರ್ಡರ್ ಮಾಡಿ, ಪೆಟ್ಟಿಗೆಯ ಲೆಕ್ಕ ನೋಡಿದಳು. ಸರಿಯಾಗಿಯೇ ಕಂಡಿತು. ಬೈರೇಶನೂ ಬಗ್ಗಿ ನೋಡಿ ಸರಿಯೆಂದ.

ಕೈ ಕಟ್ಟಿ ಕೂತಳು. ಮಾತು ಕಡಿಮೆಯ ಹುಡುಗಿ ಬರೆದ ತಪಾಸಣೆಯೂ ಮಾತು ಕಡಿಮೆಯದೇ ಆಗಿತ್ತು. ತಪ್ಪು ಅನ್ನುತ್ತಿತ್ತು, ಏನು ತಪ್ಪು ಅನ್ನುತ್ತಿರಲಿಲ್ಲ. ಸುಮ್ಮನಿರುವುದು ಒಳ್ಳೆಯ ಗುಣವೆಂದೇ ಅವಳು ಇಷ್ಟು ದಿನ ನಂಬಿದ್ದಳು. ಈಗ ಯಾಕೋ ಅನುಮಾನ ಬಂತು. ಬೇಕಿದ್ದದ್ದೆಷ್ಟು, ಕಂಡದ್ದೆಷ್ಟು ಎಂದು ಬಾಯಿಬಿಟ್ಟು ಹೇಳುವಂತೆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದಳು.

“ಹನ್ನೆರಡು ಬೇಕಿತ್ತು, ಹದಿಮೂರು ಸಿಕ್ಕಿತು,” ಎಂದಿತು ಪರದೆ.

“ಬೈರೇಶಣ್ಣ, ಇದ್ಯಾವುದು ಹದಿಮೂರನೇದು?”

“ಅದು ಕೊಸರು ಕಣಮ್ಮಿ. ಡಜನ್ ತಕಂಡೋರ್ಗೆ ಮೇಲೊಂದು ಹಾಕು ಅಂತ ಮೇಡಮ್ಮೋರೇ ಯೋಳಿದ್ರು. ಅದ್ನೂ ನಿಂಗೆ ಯೋಳ್ಕೊಡ್ಬೇಕಾ?”

ಹೇಳಿಕೊಡಬೇಕಿರಲಿಲ್ಲ. ಅವಳ ಮನೆಯಲ್ಲಿ ರಾಗಿ ಅಳೆದರೂ ಮೇಲೊಂದು ಹಿಡಿ ಬೀಳದೆ ಅಳತೆ ಮುಗಿಯುತ್ತಿರಲಿಲ್ಲ. ಅದಕ್ಕೇ ಪೆಟ್ಟಿಗೆಯ ಲೆಕ್ಕದಲ್ಲಿ ಹದಿಮೂರು ಎಂದು ಬರೆದಿದ್ದರೂ ಇಬ್ಬರ ಕಣ್ಣಿಗೂ ಅದು ಡಜನ್ ಆಗಿಯೇ ಕಂಡಿತ್ತು. ಡಜನ್ನಿಗಿಂತ ಕಡಿಮೆ ಕೊಂಡರೆ ಕೊಸರಿಲ್ಲ, ತಪಾಸಣೆ ಪಾಸು. ಡಜನ್ ಕೊಂಡರೆ ಫೇಲು. ಕೊಸರು ಗೊತ್ತಿಲ್ಲದ್ದು ಆ ಕೋಣೆಯಲ್ಲಿ ತಪಾಸಣೆಗೊಂದಕ್ಕೇ.

ಅಷ್ಟರಲ್ಲಿ ತಾಹೇರಾ ಮೆಟ್ಟಿಲು ಹತ್ತಿ ಬಂದರು.

“ಕೊಸರು ತೆಗೀಬೇಕಾ ಮೇಡಂ?” ಎಂದು ವರಲಕ್ಷ್ಮಿ, ತಪಾಸಣೆಯ ತಕರಾರನ್ನೂ ಅದನ್ನು ಕಿತ್ತುಹಾಕುವ ಮಾತು ಬಂದದ್ದನ್ನೂ ಹೇಳಿ ಕೇಳಿದಳು.

“ತೆಗೆದ್ರೆ ನಮ್ಮ ಅಬ್ಬಾ ಗೋರಿಯಿಂದ ಎದ್ದು ಬರ್ತಾರೆ ಬೇಟಿ. ಕೊಸರು ಕಡಿಮೆ ಬಿದ್ರೆ ನಿನ್ನ ತಪಾಸಣೆ ಕೂಗೋ ಹಂಗೆ ಮಾಡು.”

ವರಲಕ್ಷ್ಮಿ ತಪಾಸಣೆಗೆ ಕೊಸರಿನ ಲೆಕ್ಕ ಕಲಿಸಿದಳು. ಕಲಿತಿದೆಯೋ ಇಲ್ಲವೋ ನೋಡಲು ಬೈರೇಶನಿಗೆ ಬೇಕೆಂದೇ ಪುಟದಿಂದ ಕೊಸರು ತೆಗೆಯಲು ಹೇಳಿ, ತಪಾಸಣೆಯನ್ನು ಮತ್ತೆ ಓಡಿಸಿದಳು. ಕೆಂಪು ಗೆರೆ ಬಂತು: “ಹದಿಮೂರು ಬೇಕಿತ್ತು, ಹನ್ನೆರಡು ಸಿಕ್ಕಿತು. ಕೊಸರು ಎಲ್ಲಿ?”

“ಲೇ, ಸಂತೇಲಿ ನಮ್ಮವ್ವ ಕೇಳ್ದಂಗೇ ಕೇಳ್ತದಲ್ಲ,” ಎಂದ ಬೈರೇಶ್.

ತಾಹೇರಾ ಬಾಯಿಗೆ ಸೆರಗು ಹಿಡಿದು ನಕ್ಕರು. “ಇದನ್ನ ಕಿತ್ತಾಕ್ತೀನಿ ಅಂದೋರ್ಯಾರು?”

“ನಾನಲ್ಲ ಬುಡಿ ಮೇಡಂ,” ಎನ್ನುತ್ತ ಬೈರೇಶ್ ಗಡಿಬಿಡಿಯಲ್ಲಿ ಕೊಸರನ್ನು ಪುಟಕ್ಕೆ ವಾಪಸು ಹಾಕಿದ.

“ಇದು ಇರ್ಲಿ,” ಎಂದು ತಾಹೇರಾ ಪರದೆಯನ್ನು ತೋರಿಸಿದರು. ಮೆಟ್ಟಿಲ ಬಳಿ ತಿರುಗಿ ನಿಂತು ಹೇಳಿದರು: “ನೀನೂ ಇರು.”