ತಂಗಿಯ ಕಾಲಿಗೆ ಕೂತ ಬೂಟು

ಅಕ್ಕನ ಅಳತೆಯೂ ತಂಗಿಯ ಅಳತೆಯೂ ಒಂದೇ ಎಂಬುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಸತ್ಯ. ಅಕ್ಕ ದರ್ಜಿ. ತನಗೆ ಏನೇ ಹೊಲಿದುಕೊಳ್ಳಲಿ, ತಂಗಿಯನ್ನು ಕನ್ನಡಿಯ ಮುಂದೆ ಗೂಟದ ಹಾಗೆ ನಿಲ್ಲಿಸಿ, ಅವಳ ಮೈಮೇಲೆ ಬಟ್ಟೆ ಹಾಕಿ ಗುಂಡುಸೂಜಿ ಚುಚ್ಚುವುದು ಅವಳ ಪದ್ಧತಿ. "ನಿಂತ್ಕೊಳ್ಳೇ, ಅಳತೆ ನೋಡ್ಬೇಕು" ಅಂದರೆ ಸಾಕು, ಅಕ್ಕನ ಹೊಲಿಗೆ ಅಂಗಡಿಯಲ್ಲೇ ಗುಂಡಿ ಹಚ್ಚುತ್ತಾ ಕೂತಿರುವ ತಂಗಿ "ಯಾರಿಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎರಡೂ ಕೈ ಎತ್ತಿ ನಿಲ್ಲುವಳು. ತನಗಂತೂ ಅಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ. ಅವಳ ಪಾಲಿಗೆ ಬರುತ್ತಿದ್ದುದು ಅಕ್ಕ ಉಟ್ಟು, ತೊಟ್ಟು, ಬೇಸರ ಬಂದು ಬಿಟ್ಟದ್ದು. ಬಟ್ಟೆಗೇನೋ ಕರುಣೆ ಜಾಸ್ತಿ, ಎರಡು ಬೆರಳು ಹೆಚ್ಚುಕಮ್ಮಿಯಾದರೂ ಸುಮ್ಮನಿರುತ್ತದೆ.

ಐಸ್ ಹಾಕಿಯ ಬೂಟೂ ಹಾಗೇ ಬಂದಿತ್ತು. ಇಬ್ಬರೂ ಹೆಂಗಸರ ತಂಡದಲ್ಲಿದ್ದರು. ಅಕ್ಕ ಐಸ್ ಮೇಲೆ ಇಳಿದರೆ ಎದುರಿನವರು ತಾವಾಗಿ ದಾರಿ ಬಿಡುತ್ತಿದ್ದರು. ತಂಗಿ ಇಳಿದರೆ "ಬಂತು ನೋಡ್ರೇ ಆಮೆ!" ಎಂದು ಎಲ್ಲರಿಗಿಂತ ಮೊದಲು ಕೂಗುವವಳು ಅಕ್ಕನೇ. ಆ ಹೆಸರು ಅಂಟಿಕೊಂಡುಬಿಟ್ಟಿತು. ಅಕ್ಕನ ಹಳೇ ಬೂಟಿನೊಳಗೆ ತಂಗಿಯ ಹಿಮ್ಮಡಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ರವಿಕೆಯ ಭುಜಕ್ಕೆ ಇಡುವ ಸ್ಪಂಜಿನ ಚೂರುಗಳನ್ನು ತುರುಕಿಕೊಂಡು ಹೇಗೋ ಸಂಭಾಳಿಸುತ್ತಿದ್ದಳು. ಹೇಳಿದರೆ ನೆಪ ಹೂಡುತ್ತಾಳೆ ಅಂದಾರೆಂದು ಯಾರಿಗೂ ಹೇಳಿರಲಿಲ್ಲ.

ಈಗ ಕೋಚಮ್ಮ ಖಡಾಖಂಡಿತವಾಗಿ ಹೇಳಿದ್ದರು. "ನೋಡಮ್ಮ, ಶನಿವಾರದ ಪ್ರಾಕ್ಟೀಸಲ್ಲೂ ನೀನು ಹೀಗೇ ತೆವಳಿದ್ರೆ ಭಾನುವಾರದ ಮ್ಯಾಚಿಗೆ ಬೇರೆಯವಳನ್ನ ಹಾಕ್ಕೋತೀನಿ. ಬೇಜಾರ್ ಮಾಡ್ಕೋಬೇಡ."

ತಂಗಿ ಬೇಜಾರು ಮಾಡಿಕೊಂಡಳು. ಚೆನ್ನಾಗಿಯೇ ಮಾಡಿಕೊಂಡಳು. ಗುಂಡಿ ಹಚ್ಚುವುದನ್ನು ಬಿಟ್ಟರೆ ಅವಳು ಆಸೆಪಟ್ಟು ಮಾಡುತ್ತಿದ್ದುದು ಅದೊಂದೇ.

ಅದೇ ವಾರ ಅಕ್ಕನ ಬೂಟಿನಡಿಯ ಬ್ಲೇಡು ಮುರಿಯಿತು. ತಂಗಿಯನ್ನೂ ಕರೆದುಕೊಂಡು ಬೂಟಿನಂಗಡಿಗೆ ಹೋಗಿ ಹೊಸದು ಕೊಂಡಳು. ಅಂಗಡಿಯವನು ಅದನ್ನು ಪುಟ್ಟ ಓವನ್ನಿನೊಳಗೆ ತಳ್ಳಿ ಪಾಠ ಶುರುಮಾಡಿದ.

"ಬಿಸಿಯಾದ್ರೆ ಮೆತ್ತಗಾಗುತ್ತೆ ಮೇಡಂ. ಕಾಲು ಹಾಕಿ, ಹಿಮ್ಮಡೀನ ಹಿಂದಕ್ಕೆ ಕುಟ್ಟಿ, ಲೇಸ್ ಬಿಗಿದು ಸುಮ್ನೆ ಕೂತ್ಕೊಳ್ಳಿ. ಆರೋವರೆಗೂ ಏಳೋ ಹಾಗಿಲ್ಲ. ಒಳಗೆ ಕಾಲು ಹೇಗಿರುತ್ತೋ ಹಾಗೇ ಅಚ್ಚಾಗುತ್ತೆ."

ಸುಮ್ಮನೆ ಕೂರುವುದು ಅಕ್ಕನ ಹಣೆಯಲ್ಲಿ ಬರೆದಿರಲಿಲ್ಲ. ಅವನು ಬಿಸಿ ಬೂಟನ್ನು ತಂದು ಮುಂದಿಟ್ಟು, ಯಾರದೋ ಬ್ಲೇಡು ಸಾಣೆ ಹಿಡಿಯಲು ಒಳಗೆ ಹೋದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರವಿಕೆಯ ತೋಳು ಬಿಗಿಯಾಯಿತೆಂದು ಗೋಳಾಡುವ ಗಿರಾಕಿ. ಅಕ್ಕ ಅಭ್ಯಾಸಬಲದಿಂದ ತಂಗಿಯ ಕಡೆ ಬೆರಳು ಮಾಡಿದಳು.

"ನೀನು ಹಾಕ್ಕೊಂಡು ಕೂತ್ಕೊಳ್ಳೇ, ಆರಿಹೋಗುತ್ತೆ. ಹೇಗೂ ನಮ್ಮಿಬ್ರ ಅಳತೆ ಒಂದೇ!"

ಅಷ್ಟು ಹೇಳಿ ಹೊರಗೆ ಹೋಗಿ, ಫೋನಿನಲ್ಲೇ ಗಿರಾಕಿಗೆ ಕಂಕುಳ ಹೊಲಿಗೆ ಬಿಚ್ಚುವುದನ್ನು ಹೇಳಿಕೊಡತೊಡಗಿದಳು.

ತಂಗಿ ಕಾಲು ತೂರಿಸಿದಳು. ಬೆಚ್ಚಗಿನ ಬೂಟು ಅವಳ ಹಿಮ್ಮಡಿಯನ್ನು ಗಪ್ಪನೆ ಹಿಡಿದುಕೊಂಡಿತು. ಇದು ಬಟ್ಟೆಯಲ್ಲ, ಇದಕ್ಕೆ ಅಕ್ಕನ ಕಾಲೇ ಬೇಕು, ಕೂಗಿ ಕರೆಯಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೂಗಲು ಬಾಯಿಯನ್ನೂ ತೆರೆದಳು. ಆಮೇಲೆ ಬಾಯಿ ಮುಚ್ಚಿ ಲೇಸನ್ನು ಇನ್ನಷ್ಟು ಬಿಗಿದಳು.

ಮರುದಿನದಿಂದ ಮನೆಯಲ್ಲಿ ರಾಮಾಯಣ. ಅಕ್ಕ ಬ್ಲೇಡಿಗೆ ಕವಚ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಟಕಟಕ ಓಡಾಡಿದಳು. ಒದ್ದೆ ಸಾಕ್ಸ್ ಹಾಕಿ ನೋಡಿದಳು, ಸಾಕ್ಸಿಲ್ಲದೆ ನೋಡಿದಳು.

"ನೆಲ ಹಾಳಾಗುತ್ತೆ ಕಣೇ!" ಎಂದು ಅಮ್ಮ ಗೊಣಗಿದರು.

"ಹೊಸದು ಕಚ್ಚೇ ಕಚ್ಚುತ್ತೆ ಅಮ್ಮಾ, ಪಳಗಿಸ್ಬೇಕು."

ಬೂಟು ಪಳಗಲಿಲ್ಲ. ಅಕ್ಕನ ಅಗಲವಾದ ಪಾದದ ತುಂಬ ಬೊಬ್ಬೆ ಎದ್ದವು. ಮುಲಾಮು ಹಚ್ಚುವ ಕೆಲಸ ತಂಗಿಗೇ ಬಂತು. ಹಚ್ಚುವಾಗಲೆಲ್ಲ ನಿಜ ಅವಳ ನಾಲಿಗೆಯ ತುದಿಗೆ ಬಂದು, ಅಲ್ಲೇ ಒಂದು ಸುತ್ತು ಹಾಕಿ, ಮತ್ತೆ ಗಂಟಲಿಗೆ ಇಳಿಯುತ್ತಿತ್ತು.

ಶನಿವಾರ ಅಕ್ಕ ಎರಡು ಸುತ್ತು ಹೊಡೆಯುವಷ್ಟರಲ್ಲಿ ಬೆಂಚಿನ ಮೇಲೆ ಬಂದು ಬಿದ್ದಳು. "ಸಾಕಪ್ಪಾ ಸಾಕು! ತೆಗಿಯೇ, ನನ್ನ ಹಳೇದು ಕೊಡು. ಇದನ್ನ ನೀನೇ ಅನುಭವಿಸು."

ತಂಗಿ ಬೂಟು ಬಿಚ್ಚಿ ಕೊಟ್ಟಳು. ಅಕ್ಕ ಅದನ್ನು ಕೊಡವಿದಾಗ ಸ್ಪಂಜಿನ ಚೂರುಗಳು ಪಟಪಟ ಉದುರಿದವು.

"ಇದೇನೇ, ನನ್ನ ಅಂಗಡಿ ಸ್ಪಂಜು?"

"ಹಿಮ್ಮಡಿ ನಿಲ್ತಿರ್ಲಿಲ್ಲ ಅಕ್ಕ."

"ಯಾವಾಗಿಂದ?"

"ನೀನು ಕೊಟ್ಟಾಗಿಂದ."

ಅಕ್ಕ ಹಳೇ ಬೂಟಿಗೆ ಕಾಲು ತೂರಿಸಿದಳು. ನಿನ್ನೆ ತಾನೆ ಬಿಚ್ಚಿಟ್ಟದ್ದೋ ಎಂಬಂತೆ ಕೂತಿತು. ಇಷ್ಟು ವರ್ಷ ತಂಗಿ ಹಾಕಿಕೊಂಡರೂ ಅದು ಅಕ್ಕನದಾಗಿಯೇ ಉಳಿದಿತ್ತು. ಅಕ್ಕ ಬಗ್ಗಿ ಸ್ಪಂಜಿನ ಚೂರುಗಳನ್ನು ಒಂದೊಂದಾಗಿ ಆಯ್ದು ಬೆಂಚಿನ ಮೇಲಿಟ್ಟಳು.

ಅತ್ತ ತಂಗಿ ಹೊಸ ಬೂಟು ಕಟ್ಟಿಕೊಂಡು ಇಳಿದಳು. ಒಂದು ಸುತ್ತು ಅನುಮಾನದಿಂದ ಹೋದಳು. ಎರಡನೆಯದಕ್ಕೆ ಅನುಮಾನ ಹಿಂದೆ ಉಳಿಯಿತು. ಮೂರನೆಯದಕ್ಕೆ ತಂಡದವರೆಲ್ಲ ಹಿಂದೆ ಉಳಿದರು. ಕೋಚಮ್ಮ ಸೀಟಿ ಊದುವುದನ್ನೇ ಮರೆತರು. "ಏಯ್ ಆಮೆ! ನಾಳೆ ನೀನು ಆಡ್ತಿದ್ದೀಯ!"

"ಅವಳನ್ನ ಆಮೆ ಅನ್ಬೇಡಿ," ಎಂದಳು ಅಕ್ಕ. ಎಲ್ಲರೂ ಅವಳನ್ನೇ ಮಿಕಿಮಿಕಿ ನೋಡಿದರು.

ತಂಗಿ ಏದುಸಿರು ಬಿಡುತ್ತಾ ಬಂದಳು. ಸಂತೋಷ ಉಕ್ಕಿ ಬಂದದ್ದರಿಂದಲೇ ಏನೋ, ನಿಜವೂ ಆಚೆ ಬಂತು. "ಅಕ್ಕಾ, ಅವತ್ತು ನಿನ್ನನ್ನ ಕೂಗ್ಬೇಕಿತ್ತು. ಬೇಕಂತ್ಲೇ ಕೂಗ್ಲಿಲ್ಲ. ಇನ್ನೊಂದ್ಸಲ ಬಿಸಿ ಮಾಡಿಸಿದ್ರೆ ನಿನ್ನ ಕಾಲಿಗೆ ಬರುತ್ತಂತೆ."

"ಕಳ್ಳಿ! ನನ್ನ ಕಾಲನ್ನ ಬೊಬ್ಬೆ ತೋಟ ಮಾಡಿ ಮುಲಾಮು ಬೇರೆ ಹಚ್ತಿದ್ದೆಯಾ?" ಅಕ್ಕ ಸ್ಪಂಜಿನ ಚೂರುಗಳನ್ನು ತೆಗೆದು ಅವಳ ಮೇಲೆ ಎಸೆದಳು. ಆಮೇಲೆ ದನಿ ತಗ್ಗಿಸಿ, "ಅದನ್ನ ಮತ್ತೆ ಓವನ್ ಹತ್ರ ಒಯ್ದೆಯೋ, ಜೋಕೆ," ಎಂದಳು.

ಸಂಜೆ ತಂಗಿ ಅಂಗಡಿಯಲ್ಲಿ ಎಂದಿನಂತೆ ಗುಂಡಿ ಹಚ್ಚುತ್ತಿದ್ದಳು. ಅಕ್ಕ ತಂಡದ ಜರ್ಸಿಯ ಬಟ್ಟೆ ಹರಡಿ, ಕೊರಳಿನ ಟೇಪು ತೆಗೆದಳು.

"ನಿಂತ್ಕೊಳ್ಳೇ, ಅಳತೆ ತಗೋಬೇಕು."

"ಯಾರಿಗೆ?" ಎಂದು ತಂಗಿ ಎಂದಿನಂತೆ ಎರಡೂ ಕೈ ಎತ್ತಿ ನಿಂತಳು.

"ನಿನಗೇ ಕಣೇ."

ಟೇಪು ಬೆನ್ನು ಸುತ್ತಿ ಬಂತು. ಅಕ್ಕ ಒಂದು ಸಲ ನೋಡಿದಳು, ನಂಬದೆ ಇನ್ನೊಂದು ಸಲ ನೋಡಿದಳು. "ಅಯ್ಯೋ, ಎಷ್ಟೊಂದು ವ್ಯತ್ಯಾಸ ಇದೆಯಲ್ಲೇ," ಎಂದಳು.

ತಂಗಿ ಎತ್ತಿದ ಕೈ ಇಳಿಸಲಿಲ್ಲ. ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.