ಮನೆಯಲ್ಲಿ ಯಾರೂ ಇಲ್ಲ

ಬೆಳಗ್ಗೆ ಆರರಿಂದ ಏಳರವರೆಗೆ ನನ್ನ ಹೆಂಡತಿ ಮಯೂರಿ ಮನೆಯಲ್ಲಿ ಇರಲೇಬೇಕು. ಇದು ನಮ್ಮ ಮನೆತನದ ಶಿಸ್ತಲ್ಲ, ಅವಳ ಕೆಲಸದ ನಿಯಮ. ಅವಳು ಭಾರತ ಮಹಿಳಾ ಫುಟ್‌ಬಾಲ್ ತಂಡದ ಸ್ಟ್ರೈಕರ್, ಎಂದರೆ ಗೋಲು ಹೊಡೆಯುವುದಕ್ಕೆಂದೇ ಮುಂದೆ ನಿಲ್ಲುವವಳು. ಅಂಥವರು ಮದ್ದು ಗಿದ್ದು ತೆಗೆದುಕೊಂಡು ಆಡುತ್ತಿಲ್ಲ ತಾನೆ ಎಂದು ನೋಡಲು ಡೋಪಿಂಗ್ ಪರೀಕ್ಷೆಯವರು ಹೇಳದೆ ಕೇಳದೆ ಬರುತ್ತಾರೆ. ದಿನದ ಯಾವ ಒಂದು ಗಂಟೆ ಎಲ್ಲಿ ಸಿಗುತ್ತೇನೆ ಎಂದು ಆಟಗಾರ್ತಿ ಮೊದಲೇ ತಿಳಿಸಿರಬೇಕು. ಆ ಗಂಟೆಯಲ್ಲಿ ಸಿಗದಿದ್ದರೆ ಒಂದು ತಪ್ಪು. ವರ್ಷದೊಳಗೆ ಮೂರು ತಪ್ಪಾದರೆ ನಿಷೇಧ, ಎರಡು ವರ್ಷದ ತನಕವೂ ಆಗಬಹುದು.

ಮಯೂರಿಗೆ ಆಗಲೇ ಎರಡಾಗಿತ್ತು. ಒಂದು, ಶಿಬಿರದಿಂದ ಬರುವ ವಿಮಾನ ರದ್ದಾದಾಗ. ಇನ್ನೊಂದು, ನಾವು ದೆಹಲಿಯ ಕಿದ್ವಾಯಿ ನಗರದಿಂದ ಈ ಲಕ್ಷ್ಮೀ ನಗರದ ನಾಲ್ಕನೇ ಮಹಡಿಗೆ ಮನೆ ಬದಲಿಸಿದ ವಾರ. ಪಾತ್ರೆ ಪಗಡ ಕಟ್ಟುವ ಗಡಿಬಿಡಿಯಲ್ಲಿ ಅವಳು ಹೊಸ ವಿಳಾಸ ತಿಳಿಸುವುದನ್ನು ಮರೆತಿದ್ದಳು. ಅಂದಿನಿಂದ ಬೆಳಗಾದರೆ ನಾನು ಮೊದಲು ನೋಡುವುದು ಗಡಿಯಾರವನ್ನೇ. ನೋಯ್ಡಾದ ಆಫೀಸಿನಲ್ಲಿ ನನ್ನ ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಮೂವತ್ತೊಂದು ವಯಸ್ಸಿನ ಸ್ಟ್ರೈಕರ್‌ಗೆ ಎರಡು ವರ್ಷ ಆಟವಿಲ್ಲವೆಂದರೆ ಅಲ್ಲಿಗೆ ಮುಗಿಯಿತು.

ಅವಳು ಇಲ್ಲಿಯದೇ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮನೆಯೊಳಗೆ ಕನ್ನಡ ಹೊರಗೆ ಹಿಂದಿ ಆಡುತ್ತ ಬೆಳೆದವಳು. ಅಲ್ಲಿನ ಹುಡುಗರು ಮೊದಲು ಅವಳನ್ನು ಪೊದೆಗೆ ಬಿದ್ದ ಚೆಂಡು ಹೆಕ್ಕಲು ನಿಲ್ಲಿಸಿದ್ದರಂತೆ. ಹೆಕ್ಕಿದ ಚೆಂಡನ್ನು ಕೈಯಲ್ಲಿ ಕೊಡದೆ ಒದ್ದು ಕೊಡುತ್ತಿದ್ದಳಂತೆ, ಅದೂ ಸೀದಾ ಗೋಲಿಗೆ. ಹದಿನೇಳಕ್ಕೆ ಭಾರತದ ಜೆರ್ಸಿ ತೊಟ್ಟಳು. ಆಮೇಲೆ ಮಂಡಿಯ ಶಸ್ತ್ರಚಿಕಿತ್ಸೆ, ತಂಡದಿಂದ ಹೊರಗೆ, ಮತ್ತೆ ಒಳಗೆ. ಏಷ್ಯಾದ ಅರ್ಹತಾ ಪಂದ್ಯಗಳಿಗೆ ಮುಂದಿನ ವಾರ ಶಿಬಿರ ಶುರುವಾಗಬೇಕಿತ್ತು. ಅದಾದ ಮೇಲೆ ಬೂಟು ಬಿಚ್ಚುತ್ತೇನೆ ಎಂದು ಅವಳೇ ಹೇಳಿದ್ದಳು. ಆದರೆ ಹಾಗೆ ಅವಳು ಹೇಳುತ್ತಿರುವುದು ಮೂರನೇ ಸಲ.

ಈ ನಡುವೆ ತಿಪಟೂರಿನಿಂದ ನನ್ನ ಅಮ್ಮ ಸುಮಿತ್ರಾ ಬಂದಿದ್ದರು. ಬಂದ ಮೊದಲ ದಿನವೇ ನೀರಿನ ಫಿಲ್ಟರ್ ಮಾರುವವನನ್ನು ಒಳಗೆ ಕರೆದು, ಸೋಫಾದ ಮೇಲೆ ಕೂರಿಸಿ, ಉಪ್ಪಿಟ್ಟು ಕೊಟ್ಟಿದ್ದರು. ಇದು ದೆಹಲಿ, ಹಾಗೆಲ್ಲ ಮಾಡಬಾರದು ಎಂದು ಅವರಿಗೆ ಒಂದೇ ಒಂದು ಹಿಂದಿ ವಾಕ್ಯ ಕಲಿಸಿದೆ. ನಾನಿಲ್ಲದಾಗ ಯಾರೇ ಬಂದರೂ ಜಾಲರಿ ಬಾಗಿಲಿನ ಹಿಂದೆಯೇ ನಿಂತು ಹೇಳಬೇಕು: "ಘರ್ ಮೇ ಕೋಯಿ ನಹೀ ಹೈ."

"ಮನೇಲಿ ಯಾರೂ ಇಲ್ಲ ಅಂತ ಮನೇಲಿ ನಿಂತ್ಕೊಂಡು ಹೇಳೋದಾ? ಹಾಗಾದ್ರೆ ನಾನ್ಯಾರೋ?" ಎಂದರು ಅಮ್ಮ. ಆದರೂ ಮಂತ್ರದಂತೆ ಬಾಯಿಪಾಠ ಮಾಡಿದರು. ವಯಸ್ಸಿನ ಸೊಸೆ ಇರುವ ಮನೆ ನೋಡಿ.

ಬುಧವಾರ ಸಂಜೆ ಮಯೂರಿ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಅಂದರು: "ದೇಹ ಸಾಕು ಅಂತಿದೆ. ಮನೇಲೊಂದು ಮಗು ಬೇಡವಾ? ಸಾಕು ಅನ್ನೋಕೆ ಯಾರಾದ್ರೂ ಒಬ್ಬರು ಬೇಕು." ಮಯೂರಿ ಕೇಳಿಸದವಳಂತೆ ಐಸ್ ಬದಲಿಸಿದಳು. ನಾನೂ ಸುಮ್ಮನಿದ್ದೆ. ಅತ್ತ ಅಮ್ಮ, ಇತ್ತ ಹೆಂಡತಿ. ಸುಮ್ಮನಿರುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಮರುದಿನ ಬೆಳಗ್ಗೆ ಹಾಲಿನ ಬೂತಿಗೆ ಹೋಗಿ ಬಂದೆ. ಅಮ್ಮ ಜಾಲರಿ ಬಾಗಿಲು ತೆರೆದವರೇ ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ನಕ್ಕರು.

"ಯಾರೋ ಇಬ್ಬರು ಹೆಂಗಸರು ಬಂದಿದ್ರು ಕಣೋ. ದೊಡ್ಡ ಬ್ಯಾಗು, ಕೊರಳಲ್ಲಿ ಕಾರ್ಡು. ಮಯೂರಿ ಮಯೂರಿ ಅಂದ್ರು. ನೀನು ಹೇಳಿಕೊಟ್ಟ ಹಾಗೇ ಹೇಳ್ದೆ. ಎರಡು ಸಲ ಕೇಳಿದ್ರು, ಎರಡು ಸಲಾನೂ ಹೇಳ್ದೆ. ಹೋದ್ರು."

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಮಯೂರಿ ಒಳಗಿನ ಕೋಣೆಯಲ್ಲಿ ಕೂಲರಿನ ಗಡಗಡ ಸದ್ದಿನ ನಡುವೆ ಮಲಗಿದ್ದಳು. ಆ ಸದ್ದಿನಲ್ಲಿ ಬಾಗಿಲು ಮುರಿದರೂ ಕೇಳುವುದಿಲ್ಲ. ಎಬ್ಬಿಸಿ ಹೇಳಿದೆ. ಅವಳು ಎದ್ದು ಕೂತು ಮೊದಲು ಗಡಿಯಾರ ನೋಡಿದಳು, ಆಮೇಲೆ ಅಮ್ಮನನ್ನು.

"ಅತ್ತೆ, ಗೊತ್ತಿದ್ದೂ ಹೇಳಿದ್ರಾ?"

ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪರೀಕ್ಷೆಯವರ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಆಯಿತು. ನಿನ್ನೆ ಸಂಜೆಯ ಮಾತು ಮೂವರ ನಡುವೆ ಬಂದು ನಿಂತಿತು. ನಾನು ಗಡಬಡಿಸಿ ಎಲ್ಲವನ್ನೂ ಅಮ್ಮನಿಗೆ ಬಿಡಿಸಿ ಹೇಳಿದೆ: ಅವರು ಯಾರು, ಯಾಕೆ ಬಂದಿದ್ದರು, ಇದು ಎಷ್ಟನೆಯ ಸಲ, ಇನ್ನು ಏನಾಗುತ್ತದೆ. ಅಮ್ಮನ ಮುಖದ ಬಣ್ಣವೇ ಹೋಯಿತು.

"ಇನ್ನೂ ಟೈಮ್ ಇದೆ," ಎಂದಳು ಮಯೂರಿ. "ಏಳರ ತನಕ ಅವರು ಇಲ್ಲೇ ಎಲ್ಲೋ ಇರಬೇಕು. ಮತ್ತೆ ಬರಬಹುದು. ಬಟ್ ಮನೆಯವರೇ ಇಲ್ಲ ಅಂದಮೇಲೆ ಯಾಕೆ ಬರ್ತಾರೆ? ನಾನು ಕೆಳಗೆ ಹೋಗೋ ಹಾಗಿಲ್ಲ. ನಾನು ಆ ಕಡೆ ಹೋಗಿ ಅವರು ಈ ಕಡೆ ಬಂದರೆ ಸಬ್ ಖತಮ್. ಚಿರಂತ್, ನೀನು ಓಡು."

ಓಡಿದೆ. ಚಪ್ಪಲಿಯನ್ನೂ ಹಾಕದೆ ಎರಡು ಮಹಡಿ ಇಳಿದೆ.

ಮೂರನೆಯ ತಿರುವಿನಲ್ಲಿ ನಿಂತೆ. ಉಸಿರು ಕಟ್ಟಿ ನಿಂತಿದ್ದಲ್ಲ. ಅವರು ಹೋಗಿಬಿಟ್ಟಿದ್ದರೆ, ಎಂದು ಒಂದು ಯೋಚನೆ ಬಂತು. ಹೋಗಿಬಿಟ್ಟಿದ್ದರೆ ಶಿಬಿರವಿಲ್ಲ, ಐಸ್ ಇಲ್ಲ, ಟೀವಿಯ ಮುಂದೆ ಅವಳು ಬಿದ್ದಾಗಲೆಲ್ಲ ನಾನು ಉಗುರು ಕಚ್ಚಬೇಕಾಗಿಲ್ಲ. ಹೆಂಡತಿ ಮನೆಯಲ್ಲಿರುತ್ತಾಳೆ. ಸಾಕು ಎಂದು ಹೇಳಿದ ಕೆಟ್ಟ ಹೆಸರೂ ನನಗೆ ಬರುವುದಿಲ್ಲ. ಆ ಯೋಚನೆ ತಂಪಾಗಿತ್ತು, ಅದಕ್ಕೇ ಭಯವಾಯಿತು. ಕಾಲು ಮಾತ್ರ ಮುಂದಕ್ಕೆ ಹೋಗಲಿಲ್ಲ.

ಆಗ ಮೇಲಿನಿಂದ ಯಾರೋ ದಡದಡ ಇಳಿದು, ನನ್ನ ಭುಜಕ್ಕೆ ತಾಗಿಕೊಂಡೇ ಹಾದುಹೋದರು. ಅಮ್ಮ. ಕಂಬಿ ಹಿಡಿಯದೆ ಒಂದು ಮೆಟ್ಟಿಲೂ ಇಳಿಯದ ಅಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದರು. "ನಿಂತ್ಕೊಂಡು ಏನು ನೋಡ್ತೀಯೋ?" ಎಂದು ಕೂಗಿದ್ದು ಕೇಳಿಸುವಷ್ಟರಲ್ಲಿ ಗಲ್ಲಿಗೆ ಇಳಿದುಬಿಟ್ಟಿದ್ದರು.

ನಾನು ಕೆಳಗೆ ಬಂದಾಗ ಅಮ್ಮ ಕೋಚಿಂಗ್ ಸೆಂಟರಿನ ಹುಡುಗರ ಗುಂಪನ್ನು ಎರಡೂ ಕೈಯಲ್ಲಿ ಸರಿಸುತ್ತ, ಕಂಡ ಕಂಡ ಹೆಂಗಸರ ಕೊರಳು ನೋಡುತ್ತ ಹೋಗುತ್ತಿದ್ದರು. ಒಂದೇ ಸಮನೆ ಕೂಗುತ್ತಿದ್ದರು: "ಘರ್ ಮೇ ಹೈ! ಮಯೂರಿ ಘರ್ ಮೇ ಹೈ!" ಗಲ್ಲಿಗೆ ಗಲ್ಲಿಯೇ ತಿರುಗಿ ನೋಡಿತು. ಚಹಾದ ಅಂಗಡಿಯ ಭಯ್ಯಾ ಪಾತ್ರೆ ಕೆಳಗಿಟ್ಟು, ಆಚೆ ರಸ್ತೆಗೆ ತಿರುಗುವಲ್ಲಿ ಫೋನು ಹಿಡಿದು ನಿಂತಿದ್ದ ಇಬ್ಬರತ್ತ ಕೈ ತೋರಿಸಿದ. ಅಮ್ಮ ಹೋಗಿ ಅವರಲ್ಲಿ ಹಿರಿಯಳ ಮಣಿಕಟ್ಟು ಹಿಡಿದರು. ಬಿಡಲೇ ಇಲ್ಲ. ನಾಲ್ಕನೇ ಮಹಡಿಯವರೆಗೂ ಹಾಗೇ ಕರೆತಂದರು.

ಬಾಗಿಲಲ್ಲಿ ಮಯೂರಿ ಕೈಯಲ್ಲಿ ಗುರುತಿನ ಚೀಟಿ ಹಿಡಿದು ನಿಂತಿದ್ದಳು. ಏಳಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಹಿರಿಯಾಕೆ ಗಡಿಯಾರ ನೋಡಿ, ಗುರುತು ನೋಡಿ, "ಅಚ್ಛಾ, ಚಲೋ," ಎಂದಳು. ಮಯೂರಿಗೆ ಸಮಾಧಾನಕ್ಕೋ ದುಃಖಕ್ಕೋ ಗೊತ್ತಿಲ್ಲ, ಕಣ್ಣು ತುಂಬಿತು.

ಆಮೇಲಿನದು ಇನ್ನೊಂದು ಪಾಡು. ಹೆದರಿದವಳಿಗೆ ಮೂತ್ರ ಎಲ್ಲಿಂದ ಬರಬೇಕು? ನೀರು ಕುಡಿದಳು, ಹಾಲ್‌ನಲ್ಲಿ ಅತ್ತಿಂದಿತ್ತ ನಡೆದಳು, ಕಿರಿಯಾಕೆ ಅವಳ ಹಿಂದೆಯೇ ನಡೆದಳು. ಮೂತ್ರವನ್ನು ಅವರ ಕಣ್ಣೆದುರೇ ಕೊಡಬೇಕೆಂಬ ನಿಯಮದಂತೆ ಬಚ್ಚಲಿಗೂ ಹಿಂದೆಯೇ ಹೋದಾಗ ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ದೇಶಕ್ಕೆ ಆಡೋ ಹುಡುಗಿ. ಇಷ್ಟು ವರ್ಷ ಇದನ್ನೆಲ್ಲ ಸಹಿಸಿಕೊಂಡಿದ್ದಾಳಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಹೌದು ಎಂದೆ.

ಬಾಟಲಿಗಳಿಗೆ ಸೀಲ್ ಹಾಕಿ, ಸಹಿ ಮಾಡಿಸಿಕೊಂಡು ಅವರು ಹೊರಟರು. ಅಮ್ಮ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟು ಮಂಡಿ ಉಜ್ಜಿಕೊಳ್ಳುತ್ತಿದ್ದರು. ಮಯೂರಿ ಹೋಗಿ, ತನ್ನ ಐಸ್ ಚೀಲವನ್ನು ಅವರ ಮಂಡಿಗೆ ಒತ್ತಿ ಹಿಡಿದಳು. "ಸಾರಿ ಅತ್ತೆ. ನಿಮ್ಮನ್ನ ಗಲತ್ ಸಮಝಾ, ತಪ್ಪು ತಿಳ್ಕೊಂಡೆ."

"ಬಿಡು ಮಗು. ನೀನು ಗೋಲು ಹೊಡಿ. ಬಾಗಿಲು ನಾನು ನೋಡ್ಕೋತೀನಿ."

ನಾನೂ ನಕ್ಕು ನಡುವೆ ಸೇರಲು ಹೋದೆ. ಮಯೂರಿ ತಲೆಯೆತ್ತಿದಳು.

"ಮೇಲಿಂದ ಕಂಬಿಗೆ ಬಾಗಿ ನೋಡ್ತಿದ್ದೆ ಚಿರಂತ್. ಅತ್ತೆ ಓಡಿದ್ರು. ನೀನು ಮೆಟ್ಟಿಲ ಮೇಲೆ ನಿಂತಿದ್ದೆ. ಯಾಕೆ?"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಅಮ್ಮ ಕುಂಟುತ್ತಲೇ ಹೋಗಿ ಜಾಲರಿ ಬಾಗಿಲನ್ನು ಪೂರ್ತಿ ತೆರೆದು, "ಘರ್ ಮೇ ಹೈ, ಘರ್ ಮೇ ಹೈ," ಎಂದರು. ಬಂದವನು ಗ್ಯಾಸ್ ಸಿಲಿಂಡರಿನವನು. ಅವನು ಗಾಬರಿಯಾಗಿ ಹಿಂದೆ ಸರಿದ. ಮಯೂರಿ ಅವನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು.